ಯಾವ ಹೊಳೆ?

ಹನಗೋಡಿನ ನೀರುಗಂಟಿ ಅಂಕಯ್ಯನಿಗೆ ಸಹಿಸಲಾಗದ ಮಾತು ಲೋಕದಲ್ಲಿ ಒಂದೇ ಒಂದಿತ್ತು. ಅದು ‘ಹೊಳೆ’.

ಅಣೆಕಟ್ಟೆಯ ತೂಬು ಎತ್ತಿ ಕಾಲುವೆಗೆ ನೀರು ಬಿಡುವುದು, ಸರದಿಯಂತೆ ಗದ್ದೆಗಳಿಗೆ ಹಾಯಿಸುವುದು ಅವನ ಕೆಲಸ. ಮುಂಗಾರು ಕಾಲಿಟ್ಟಿತೆಂದರೆ ಎದುರಾದವರೆಲ್ಲ ಕೇಳುತ್ತಿದ್ದರು.

“ಹೊಳೆ ಬಂತಾ ಅಂಕಣ್ಣ?”

“ಯಾವ ಹೊಳೆ?”

“ಇನ್ಯಾವುದು ಕಣಣ್ಣ, ಹೊಳೆ.”

“ಅದಕ್ಕೊಂದು ಹೆಸರದೆ, ಲಕ್ಷ್ಮಣತೀರ್ಥ ಅಂತ.”

“ಇರ್ಲಿ ಬುಡು. ಬಂತಾ?”

ಇಪ್ಪತ್ತೆರಡು ವರ್ಷ ಇದೇ ಆಯಿತು. ಅವನೇನು ಓದಿದವನಲ್ಲ. ಒಮ್ಮೆ ಹುಣಸೂರಿನ ಕಚೇರಿಯಲ್ಲಿ ಓವರ್ಸೀಯರರಿಗಾಗಿ ಕಾಯುತ್ತಿದ್ದಾಗ ಗೋಡೆಯ ಮೇಲೆ ನದಿಗಳ ನಕ್ಷೆ ನೋಡಿದ್ದ. ಬೇರು ಸಮೇತ ಕಿತ್ತ ಗಿಡವನ್ನು ಅಡ್ಡ ಮಲಗಿಸಿದಂತೆ ನೀಲಿ ಗೆರೆಗಳು. ಸಣ್ಣ ಬೇರುಗಳೆಲ್ಲ ದೊಡ್ಡ ಬೇರಿಗೆ, ದೊಡ್ಡವೆಲ್ಲ ಕಾಂಡಕ್ಕೆ. ಅಲ್ಲಿದ್ದ ಗುಮಾಸ್ತರನ್ನು ಕೇಳಿ ಒಂದೊಂದರ ಹೆಸರು ಬಾಯಿಪಾಠ ಮಾಡಿಕೊಂಡು ಬಂದ. ಅಂದಿನಿಂದ ಅಣೆಕಟ್ಟೆಯ ಬಳಿ ಈಜಲು ಬಂದ ಮಕ್ಕಳಿಗೆ ಪಾಠ ತಪ್ಪುತ್ತಿರಲಿಲ್ಲ. ಲಕ್ಷ್ಮಣತೀರ್ಥ ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಹುಣಸೂರು ದಾಟಿ, ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಕಾವೇರಿಗೆ ಸೇರುತ್ತದೆ ಎನ್ನುತ್ತಿದ್ದ. ಮಕ್ಕಳು ತಲೆಯಾಡಿಸಿ, “ಮಾವ, ಈಗ ಹೊಳೆಗೆ ಇಳೀಬೌದಾ?” ಎನ್ನುತ್ತಿದ್ದವು.

ಐವತ್ತೈದನೆಯ ಇಸವಿಯ ಬೇಸಗೆಯಲ್ಲಿ ಈ ಮಾತು ಅವನ ಮಗಳ ಮದುವೆಗೇ ಅಡ್ಡ ಬಂತು.

ಹುಡುಗ ಕೋಟೆ ತಾಲ್ಲೂಕಿನ ಅಂತರಸಂತೆ ಕಡೆಯವನು. ಮಗಳು ಸೋಮಮ್ಮ ಅವನನ್ನು ನೋಡಿ, “ಆಗ್ಬೌದು ಕಣಪ್ಪ” ಎಂದಿದ್ದಳು. ಹಿಂದೆ ಬಂದ ಎರಡು ಗಂಡುಗಳಿಗೆ ಅವಳು ತಲೆಯನ್ನೇ ಎತ್ತಿರಲಿಲ್ಲ. ಆ ಒಂದು ಮಾತಿಗಾಗಿ ಅಂಕಯ್ಯ ಏನು ಬೇಕಾದರೂ ಮಾಡಲು ಸಿದ್ಧನಿದ್ದ.

ವೀಳ್ಯ ಬದಲಿಸಲು ಬಂದ ದಿನ ಹುಡುಗನ ಅಜ್ಜಿ ಬೀರಮ್ಮ ಜಗಲಿಯಲ್ಲಿ ಕೂತು ಬೆಲ್ಲದ ನೀರು ಕುಡಿದು ಕೇಳಿದಳು. “ಹೊಳೆ ಎಷ್ಟು ದೂರ?”

“ಲಕ್ಷ್ಮಣತೀರ್ಥ ಇಲ್ಲೇ, ಕೂಗಳತೆ.”

“ಅದಲ್ಲಪ್ಪ. ಹೊಳೆ.”

ಅಂಕಯ್ಯ ಕಣ್ಣು ಮುಚ್ಚಿ ತೆರೆದ. ಬೀರಮ್ಮನ ಪಾಲಿಗೆ ಹೊಳೆಯೆಂದರೆ ಅವಳೂರಿನ ಕಡೆ ಹರಿಯುವ ಕಬಿನಿ. ಸಂಬಂಧ ತಂದ ತಿಮ್ಮಯ್ಯ ‘ಹೊಳೆ ದಂಡೆ ಹೆಣ್ಣು’ ಎಂದಿದ್ದ, ಅವಳು ತನ್ನ ಹೊಳೆಯೆಂದೇ ಒಪ್ಪಿದ್ದಳು.

“ನಾನೇನು ಸುಳ್ಳೇಳಿದ್ನಾ? ಹೊಳೆ ದಂಡೆ ತಾನೆ?” ಎಂದ ತಿಮ್ಮಯ್ಯ.

“ಬಾಯ್ಮುಚ್ಕೊಂಡು ಎಲೆ ಹಾಕ್ಕೊ,” ಎಂದು ಬೀರಮ್ಮ ಅಂಕಯ್ಯನ ಕಡೆ ತಿರುಗಿದಳು. “ನಮ್ಮ ಮನೇಲಿ ಧಾರೆಗೆ ಎರಡು ಹೊಳೆ ನೀರು ಸೇರಿಸಂಗಿಲ್ಲ. ನಮ್ಮತ್ತೆ ಹಾಕಿದ ಕಟ್ಟು. ನಿಮ್ಮ ಹೊಳೆ ಬ್ಯಾರೆ, ನಮ್ಮ ಹೊಳೆ ಬ್ಯಾರೆ. ಸಂಬಂಧ ಬ್ಯಾಡ.”

ಬಾಗಿಲ ಹಿಂದೆ ಸೋಮಮ್ಮನ ಬಳೆಗಳ ಸದ್ದು ನಿಂತುಹೋಯಿತು.

ಅಂಕಯ್ಯ ಏಣಿ ತಂದು ಗೋಡೆಗೆ ಒರಗಿಸಿದ. “ಈ ವಯಸ್ಸಲ್ಲಿ ಸೂರು ಹತ್ತೀಯಾ?” ಎಂದು ಹೆಂಡತಿ ಕುಳ್ಳಮ್ಮ ಗೊಣಗುತ್ತಲೇ ನೀರಿನ ಕೊಡ ಎತ್ತಿಕೊಟ್ಟಳು. ಅಂಕಯ್ಯ ಹೆಂಚಿನ ಮಾಡಿನ ನೆತ್ತಿಯಲ್ಲಿ ಕಾಲು ಅಗಲಿಸಿ ಕೂತು, ಬೀದಿಯ ಮಕ್ಕಳನ್ನು ಕರೆದ.

“ಅರ್ಧ ಜನ ಮುಂದ್ಗಡೆ, ಅರ್ಧ ಜನ ಹಿಂದ್ಗಡೆ ನಿಲ್ರೋ. ನೀರು ಎಲ್ಲಿಗೋಗ್ತದೋ ಅಲ್ಲಿಗೆ ಓಡಿ.”

ನೆತ್ತಿಯ ಮೇಲೆ ಕೊಡ ಬಗ್ಗಿಸಿದ. ಅರ್ಧ ನೀರು ಮುಂದಿನ ಇಳಿಜಾರಿಗೆ, ಅರ್ಧ ಹಿಂದಿನದಕ್ಕೆ ಹರಿಯಿತು. ಮುಂದಿನದು ಸೂರಿನ ಅಂಚಿನ ಕೆಳಗೆ ಕೂತಿದ್ದ ಬೀರಮ್ಮನ ಹೆಗಲ ಮೇಲೆ ಸುರಿಯಿತು.

“ನಿನ್ನ ಹೊಳೆ ನನ್ನ ಮ್ಯಾಲೇ ಬಂತಲ್ಲೋ,” ಎಂದಳು ಬೀರಮ್ಮ ಸೆರಗು ಹಿಂಡುತ್ತ.

“ಈ ನೆತ್ತಿ ಅನ್ನೋದು ನಮಗೂ ನಿಮಗೂ ನಡುವೆ ಇರೋ ದಿಣ್ಣೆ ಕಣವ್ವ. ದಿಣ್ಣೆ ಈಚೆ ಬಿದ್ದ ಮಳೆ ಲಕ್ಷ್ಮಣತೀರ್ಥಕ್ಕೆ, ಆಚೆ ಬಿದ್ದಿದ್ದು ಕಬಿನಿಗೆ. ಬಿದ್ದ ಮಳೆ ಒಂದೇ. ಈಗ ಮಕ್ಕಳು ಎಲ್ಲಿ ನಿಂತವೆ ನೋಡು.”

ಎರಡು ಗುಂಪಿನ ಮಕ್ಕಳೂ ಎರಡು ಕಡೆಯಿಂದ ನೀರಿನ ಜೊತೆ ಓಡಿ, ಮನೆಯ ಮೂಲೆಯ ತಗ್ಗಿನಲ್ಲಿದ್ದ ನುಗ್ಗೆ ಮರದ ಬುಡದಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದಿದ್ದವು.

“ಆ ನುಗ್ಗೆ ಬುಡವೇ ತಿರುಮಕೂಡಲು ನರಸೀಪುರ. ನಮ್ಮದು ಕಾವೇರಿ ಸೇರ್ಕೊಂಡು ಅಲ್ಲಿಗೋಗ್ತದೆ. ನಿಮ್ಮದು ಸರಗೂರು, ನಂಜನಗೂಡು ಸುತ್ಕೊಂಡು ಅಲ್ಲಿಗೇ ಬತ್ತದೆ.”

ಬೀರಮ್ಮ ಎದ್ದು ಹೋಗಿ ನುಗ್ಗೆ ಬುಡದ ಕೆಸರನ್ನು ಬಹಳ ಹೊತ್ತು ನೋಡಿದಳು.

“ಅಂಗಾರೆ ಆ ನರಸೀಪುರದಿಂದಲೇ ಧಾರೆ ನೀರು ತುಂಬ್ಕೊಂಡು ಬಾ. ಒಂದೇ ನೀರಾದ್ರೆ ನಂದೇನೂ ತಕರಾರಿಲ್ಲ.”

ಕೂಗಳತೆಯಲ್ಲಿ ಹೊಳೆಯಿಟ್ಟುಕೊಂಡು ನೀರುಗಂಟಿ ನೀರು ತರಲು ಊರು ಬಿಟ್ಟು ಹೊರಟ. ಹುಣಸೂರಿನ ತನಕ ಗಾಡಿ, ಮೈಸೂರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ತೊಡೆಯ ಮೇಲೆ ಖಾಲಿ ತಾಮ್ರದ ಬಿಂದಿಗೆ. ತಿರುಮಕೂಡಲಿನಲ್ಲಿ ಎರಡು ನೀರೂ ಸದ್ದಿಲ್ಲದೆ ಒಂದರೊಳಗೊಂದು ಹೋಗುತ್ತಿದ್ದವು. ನಕ್ಷೆಯಲ್ಲಿ ಕಂಡಿದ್ದನ್ನು ಅವನು ಕಣ್ಣಾರೆ ನೋಡಿದ. ಪಕ್ಕದಲ್ಲಿ ಹರಿಗೋಲು ಒಣಗಿಸುತ್ತಿದ್ದ ಅಂಬಿಗನನ್ನು ಆಸೆಯಿಂದ ಕೇಳಿದ.

“ಅಣ್ಣ, ಇಲ್ಲಿಂದ ಮುಂದಕ್ಕೆ ಇದನ್ನ ಏನಂತೀರಿ?”

ಅಂಬಿಗ ಅವನನ್ನು ವಿಚಿತ್ರವಾಗಿ ನೋಡಿದ. “ಏನಂತೀವಿ? ಹೊಳೆ ಅಂತೀವಿ.”

ಅಂಕಯ್ಯ ಬಿಂದಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಎರಡು ಬಸ್ಸುಗಳಲ್ಲೂ ತೊಡೆಯ ಮೇಲಿಟ್ಟುಕೊಂಡೇ ಊರಿಗೆ ಬಂದ.

ಧಾರೆಯ ಹೊತ್ತಿಗೆ ಬೀರಮ್ಮ ಬಿಂದಿಗೆಗೆ ಕೈ ಅಡ್ಡ ಹಿಡಿದಳು. “ಯಾವ ಹೊಳೆ ನೀರಪ್ಪ?”

ಅವನ ನಾಲಗೆಯ ತುದಿಗೆ ಮೂರು ಹೆಸರೂ ಬಂದಿದ್ದವು. ಮಣೆಯ ಮೇಲೆ ಕೂತ ಸೋಮಮ್ಮ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

“ಹೊಳೇದು ಕಣವ್ವ,” ಎಂದ ಅಂಕಯ್ಯ.

ಬೀರಮ್ಮ ಕೈ ತೆಗೆದಳು.