ದೊಡ್ಡಮ್ಮನ ಅಚ್ಚುಬೆಲ್ಲದ ಪ್ರಶಸ್ತಿ

ಬಸ್ಸಿನಲ್ಲಿ ಕೂತು, ಹೋದ ವರ್ಷದ ಸಿನಿಮಾಗಳಲ್ಲಿ ನನ್ನ ಮಟ್ಟಿಗೆ ಗೆದ್ದವರು ಯಾರ್ಯಾರೆಂದು ಫೋನಿನಲ್ಲಿ ಪಟ್ಟಿ ಮಾಡುತ್ತಿದ್ದೆ. ಕಿರಂಗೂರು ದಾಟುವಾಗ ಕಿಟಕಿಯಿಂದ ಬಿಸಿ ಬೆಲ್ಲದ ವಾಸನೆ ನುಗ್ಗಿತು ನೋಡಿ, ಬೆರಳು ಅಲ್ಲೇ ನಿಂತಿತು.

ನಮ್ಮ ಆಲೆಮನೆಯಲ್ಲಿ ವರ್ಷದ ಮೊದಲ ಬೆಲ್ಲ ಅಚ್ಚಿಗೆ ಬಿದ್ದ ದಿನ ದೊಡ್ಡಮ್ಮ ಸಿನಿಮಾ ಪ್ರಶಸ್ತಿ ಕೊಡುತ್ತಿದ್ದಳು. ಹಿಂದಿನ ವರ್ಷ ಊರಿನ ಸಿನಿಮಾ ಟೆಂಟಿನಲ್ಲಿ ನೋಡಿದ್ದರಲ್ಲಿ ಗೆದ್ದವರ ಹೆಸರಿಗೆ ಒಂದು ಅಚ್ಚು ಬೆಲ್ಲ ಗೋಡೆಯ ಗೂಡಿನಲ್ಲಿಟ್ಟರೆ ಮುಗಿಯಿತು, ಅದನ್ನು ಇರುವೆ ಬಿಟ್ಟು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಒಂದು ಸಲ ಎಲ್ಲರೂ ಹೀರೋ ಹೆಸರು ಕೂಗಿದರು. ದೊಡ್ಡಮ್ಮ ಆರಿಸಿದ್ದು, ಅವನು ತಾಯಿಯನ್ನು ನೆನೆದು ಅಳುವಾಗ ಹಿಂದೆ ಎಮ್ಮೆ ಹಾಲು ಕರೆಯುತ್ತಿದ್ದ ಹೆಂಗಸನ್ನು.

“ಅವ್ಳು ಒಂದ್ ಮಾತೂ ಆಡ್ನಿಲ್ವಲ್ಲ ಅತ್ಗೆ!” ಎಂದ ಚಿಕ್ಕಪ್ಪ.

“ಅವ್ನು ಅಂಗೆ ಅತ್ರೂ ಅವ್ಳು ಕೈ ನಿಲ್ಲಿಸ್ನಿಲ್ಲ ಕಣಪ್ಪ. ನಿಲ್ಸಿದ್ರೆ ಎಮ್ಮೆ ಆಮ್ಯಾಕೆ ಹಾಲ್ ಬುಡ್ತದಾ?”

ಅದೇ ಸಿನಿಮಾ ಮತ್ತೆ ಟೆಂಟಿಗೆ ಬಂದಾಗ ಮನೆಮಂದಿಯೆಲ್ಲ ಹೋದೆವು. ಪರದೆಯ ಮೂಲೆಯಲ್ಲಿ ಆ ಕೈಗಳು ನಿಜಕ್ಕೂ ನಿಲ್ಲಲಿಲ್ಲ. ಟೆಂಟೆಲ್ಲ ಹೀರೋ ಜೊತೆ ಅಳುತ್ತಿತ್ತು. ನಮ್ಮ ಸಾಲು ಮಾತ್ರ ಬಾಯಿ ಬಿಟ್ಟುಕೊಂಡು ಹಾಲು ಕರೆಯುವುದನ್ನು ನೋಡುತ್ತಿತ್ತು.

ಬಸ್ಸು ಪಟ್ಟಣ ಸೇರುವಷ್ಟರಲ್ಲಿ ಪಟ್ಟಿ ಅಳಿಸಿದೆ. ಆ ಸಿನಿಮಾಗಳಲ್ಲಿ ನಾನಿನ್ನೂ ಹೀರೋಗಳನ್ನು ಮಾತ್ರ ನೋಡಿದ್ದೇನೆ.