ಬೈಸಿಕೊಳ್ಳದ ವಕೀಲೆ

ನನ್ನ ನಾದಿನಿಯ ಫೋಟೋ ಮತ್ತೆ ಪೇಪರಿನಲ್ಲಿ ಬಂದಿದೆ. ಕಪ್ಪು ಕೋಟು, ಕೈಯಲ್ಲಿ ಫೈಲು, ಹಿಂದೆ ಲಾಂಡ್ರಿಯ ಹೆಂಗಸರು ಪರದೆ ಇಳಿಬಿಟ್ಟ ಹಾಗೆ ಸಾಲಾಗಿ. 'ಬಡವರ ಪಾಲಿನ ಬೆಳಕು' ಅಂತ ತಲೆಬರಹ. ಬೆಳಕಂತೆ! ಆ ಬೆಳಕಿಗೆ ವೈರು ಎಳೆದವರು ಯಾರು ಅಂತ ಕೆಳಗೆ ಒಂದು ಸಾಲಾದರೂ ಇದೆಯಾ ಅಂತ ಕನ್ನಡಕ ಒರೆಸಿಕೊಂಡು ಹುಡುಕಿದೆ. ಇಲ್ಲ. ಎಳೆದವರು ನನ್ನ ಗಂಡ. ಅವರು ಆ ಪುಟವನ್ನು ನೀಟಾಗಿ ಮಡಚಿ, ಏನೂ ಆಗದವರ ಹಾಗೆ ಬಾತ್‌ರೂಮಿಗೆ ಹೋಗಿ, ಹೊರಗೆ ಬರಲು ಬೇಕಾದ್ದಕ್ಕಿಂತ ಬಹಳ ಹೊತ್ತು ತೆಗೆದುಕೊಂಡರು.

ಆದ್ದರಿಂದ ಈ ವಾರದ ಅಂಕಣ ಅವಳ ಮೇಲೆ. ಹೊಟ್ಟೆಕಿಚ್ಚಿನಿಂದಲೇ ಬರೆಯುತ್ತಿದ್ದೇನೆ, ಮುಚ್ಚಿಡುವುದೇನು. ಆದರೆ ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಇರುತ್ತದೆ. ಸುಳ್ಳು ಬರೆಯುವುದಿಲ್ಲ.

ಅಣ್ಣ ತಂಗಿ ಇಬ್ಬರೂ ವಕೀಲರು. ಅಣ್ಣ ಮೊದಲು ಓದಿದರು, ಅವರ ಹಳೇ ಪುಸ್ತಕಗಳಲ್ಲೇ ತಂಗಿ ಓದಿದಳು. ಅವರು ಪೆನ್ಸಿಲಿನಲ್ಲಿ ಟಿಪ್ಪಣಿ ಬರೆದ ಕಡೆಯೆಲ್ಲ ಇವಳು ಪಕ್ಕದಲ್ಲಿ 'ಇಲ್ಲಿ ಅಣ್ಣ ತಪ್ಪು' ಅಂತ ಬರೆದಿದ್ದಾಳೆ. ಆ ಪುಸ್ತಕಗಳು ಇನ್ನೂ ನಮ್ಮ ಕಪಾಟಿನಲ್ಲಿವೆ. ಉರಿಯುವ ವಿಷಯವೇನು ಗೊತ್ತೇ? ಆ ಜಾಗಗಳಲ್ಲೆಲ್ಲ ಅಣ್ಣ ನಿಜವಾಗಿಯೂ ತಪ್ಪು.

ನಮ್ಮವರ ಆಫೀಸು ಕೋರ್ಟಿನ ಮೆಟ್ಟಿಲ ಕೆಳಗೆ. ಒಂದು ಮೇಜು, ಎದುರಿಗೆ ಒಂದು ಕುರ್ಚಿ, ಪಕ್ಕದಲ್ಲಿ ಝೆರಾಕ್ಸ್ ಮೆಷಿನ್ನಿನ ಬಿಸಿ ಉಸಿರು. ಮೇಲೆ ಯಾರಾದರೂ ಜೋರಾಗಿ ಮೆಟ್ಟಿಲಿಳಿದರೆ ಫೈಲಿನ ಮೇಲೆ ಸುಣ್ಣ ಉದುರುತ್ತದೆ. ಅವಳದ್ದು ಕಾರ್ಡು ತೋರಿಸದಿದ್ದರೆ ಲಿಫ್ಟೇ ಏಳದ ಕಟ್ಟಡ. ಕಂಪನಿಗೂ ಕಂಪನಿಗೂ ಜಗಳವಾದರೆ ಕಾದಾಡಿ ಕೊಡುವ ದೊಡ್ಡ ವಕೀಲರ ಸಂಸ್ಥೆ ಅದು. ಸೇರಿದ ಹೊಸದರಲ್ಲಿ ಅವಳಿಗೆ ಸಿಕ್ಕಿದ್ದು ಕಿಟಕಿಯಿಲ್ಲದ ಒಂದು ಕೋಣೆ, ಸೂರಿನ ತನಕ ರಟ್ಟಿನ ಡಬ್ಬ. ಪೈಪು ಮಾಡುವವರು ಸಿಮೆಂಟು ಮಾಡುವವರಿಗೆ ಏನೇನು ಬರೆದಿದ್ದರು ಅನ್ನುವುದನ್ನೆಲ್ಲ ಓದಿ ಓದಿ ಕಣ್ಣು ಕೆಂಪು ಮಾಡಿಕೊಂಡು ಬರುತ್ತಿದ್ದಳು. "ಅತ್ತಿಗೆ, ಮನುಷ್ಯರ ಜಗಳ ಯಾವಾಗ ಬರುತ್ತೋ" ಅನ್ನುತ್ತಿದ್ದಳು. ಆಗ ನನಗೆ ಅವಳನ್ನು ಕಂಡರೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಆ ದಿನಗಳೇ ಚೆನ್ನಾಗಿದ್ದವು.

ಮನುಷ್ಯರ ಜಗಳ ಬಂದದ್ದು ಅವಳ ಕಟ್ಟಡದ ಕಾವಲುಗಾರನ ರೂಪದಲ್ಲಿ. ಅವನನ್ನು ಕೆಲಸದಿಂದ ತೆಗೆದಿದ್ದರು. ಗೇಟಿನಲ್ಲಿ ನಿಂತು, "ಮೇಡಂ, ನೀವು ವಕೀಲರಾ, ಇಲ್ಲಾ ಕಂಪನಿ ವಕೀಲರಾ?" ಅಂತ ಕೇಳಿದನಂತೆ. ಆ ಪ್ರಶ್ನೆ ಅವಳಿಗೆ ಮುಳ್ಳಿನ ಹಾಗೆ ಚುಚ್ಚಿಕೊಂಡಿತು. ಅವನ ಕೇಸು ತಗೊಂಡಳು, ಬಿಟ್ಟಿ. ಅವಳ ಹಿರಿಯ ವಕೀಲರು ನಕ್ಕರು. "ಹವ್ಯಾಸ ಬೇಕು ಅಂದ್ರೆ ಹಾಡು ಕಲಿಯಮ್ಮ" ಅಂದರು. ಅವಳು ಹಾಡು ಕಲಿಯಲಿಲ್ಲ. ಕಾವಲುಗಾರನ ಹಿಂದೆ ಬಾಡಿಗೆದಾರರು ಬಂದರು, ಬಾಡಿಗೆದಾರರ ಹಿಂದೆ ಗಂಡ ಬಿಟ್ಟ ಹೆಂಗಸರು ಬಂದರು. ಬಿಟ್ಟಿ ಕೇಸು ಜಾಸ್ತಿಯಾಯಿತು ಅಂತ ಅವಳನ್ನು ಪಾಲುದಾರಳನ್ನಾಗಿ ಮಾಡುವುದನ್ನು ಒಂದು ಸಲ ತಪ್ಪಿಸಿ, ಅವಳ ಕೈಕೆಳಗೆ ಕೆಲಸ ಕಲಿತವನಿಗೆ ಮೂಲೆಯ ದೊಡ್ಡ ಕೋಣೆ ಕೊಟ್ಟರು. ಆಮೇಲೆ ಪೇಪರಿನವರು ಅವಳ ಹಿಂದೆ ಬಿದ್ದದ್ದನ್ನು ನೋಡಿ ಅದೇ ಸಂಸ್ಥೆ ನುಣುಪಾದ ಕಾಗದದಲ್ಲಿ 'ನಮ್ಮ ಸಾಮಾಜಿಕ ಬದ್ಧತೆ' ಅಂತ ಅವಳ ಚಿತ್ರ ಅಚ್ಚು ಹಾಕಿತು. ವರ್ಷವಿಡೀ ಕಂಪನಿಗಳನ್ನು ಜವಾಬ್ದಾರಿಯಿಂದ ಬಿಡಿಸುವ ಕೆಲಸ, ವರ್ಷದ ಕೊನೆಗೆ ಒಂದು ಪುಟ ಸೆಂಟು. ಥೂ.

ಆದರೆ ಅವಳಲ್ಲಿ? ತಪ್ಪು ಹುಡುಕಿದ್ದೇನೆ, ಪಟ್ಟು ಹಿಡಿದು ಹುಡುಕಿದ್ದೇನೆ. ಕಂಪನಿಯ ಧಣಿಗೆ ಹಾಕುವ ಕುರ್ಚಿಯನ್ನೇ ಮನೆಗೆಲಸದವಳಿಗೂ ಹಾಕುತ್ತಾಳೆ. ಇಬ್ಬರೂ ಒಟ್ಟಿಗೆ ಬಂದರೆ ಮೊದಲು ಬಂದವರು ಯಾರು ಅಂತ ಕೇಳುತ್ತಾಳೆ. ಒಂದು ಸಲವಾದರೂ ಬಡವರ ಕೇಸನ್ನು ಜೂನಿಯರ್ ತಲೆಗೆ ಕಟ್ಟಿ ಕೈ ತೊಳೆದುಕೊಂಡಿದ್ದರೆ ನನಗೆ ಎಷ್ಟು ನೆಮ್ಮದಿಯಾಗುತ್ತಿತ್ತು!

ಇನ್ನೊಂದು ಮಾತು ಯಾವ ಪೇಪರಿನವರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಮೇಲಿನವರು ಬಿಟ್ಟಿ ಮಾಡಿಕೊಡಲು ಶುರು ಮಾಡಿದರೆ, ಮೆಟ್ಟಿಲ ಕೆಳಗೆ 'ಆದಾಗ ಆದಷ್ಟು ಕೊಡಿ' ಅನ್ನುವವರ ಎದುರಿನ ಕುರ್ಚಿ ಖಾಲಿಯಾಗುತ್ತದೆ.

ನಮ್ಮವರ ಕುರ್ಚಿಯನ್ನು ಕಡೇ ತನಕ ಬಿಡದೆ ಕೂತಿದ್ದವಳು ಇಸ್ತ್ರಿ ಅಕ್ಕ. ಹೆಸರು ಹಿಡಿದು ಯಾರೂ ಅವಳನ್ನು ಕರೆಯುವುದಿಲ್ಲ. ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಹೆಂಗಸರಿಗೆ ಅವಳೇ ಮುಂದಾಳು. ಉಗಿಯಲ್ಲಿ ಉಸಿರು ಕಟ್ಟುತ್ತದೆ, ಒಂದು ಫ್ಯಾನ್ ಹಾಕಿಸಿ ಅಂತ ಕೇಳಿದ್ದಕ್ಕೆ ಅಷ್ಟೂ ಜನಕ್ಕೆ ಗೇಟು ಮುಚ್ಚಿದರು. ಕೋರ್ಟಿಗೆ ಹೋದರೆ ಹೋಟೆಲಿನವರು, ಇವರು ನಮ್ಮ ಕೆಲಸಗಾರರೇ ಅಲ್ಲ, ಗುತ್ತಿಗೆದಾರನ ಕಡೆಯವರು, ಅವನನ್ನು ಕೇಳಿ ಅಂದರು. ಈ ಕೇಸನ್ನು ನಮ್ಮವರು ಹೆಗಲ ಮೇಲೆ ಹೊತ್ತುಕೊಂಡು ತಿರುಗುತ್ತಿದ್ದರು. ಪ್ರತಿ ತಾರೀಖಿಗೂ ಇಸ್ತ್ರಿ ಅಕ್ಕ ಬಂದು ಮೊದಲು ಬೈಯುತ್ತಿದ್ದಳು.

"ನಿಮಗಿಂತ ನಮ್ಮ ಹಳೇ ಬಾಯ್ಲರ್ ವಾಸಿ ವಕೀಲ್ರೇ, ಅದು ಸದ್ದಾದ್ರೂ ಮಾಡುತ್ತೆ!"

ಬೈದು ಮುಗಿದ ಮೇಲೆ ಸಮಾಧಾನಕ್ಕೆ ಹೋಟೆಲಿನ ಮ್ಯಾನೇಜರ್ ತಮ್ಮನ್ನು ಹೇಗೆ ಬೈಯುತ್ತಿದ್ದ ಅಂತ ಆಡಿ ತೋರಿಸುತ್ತಿದ್ದಳು. ಹೊಟ್ಟೆ ಮುಂದೆ ಮಾಡಿ, ಬೆರಳು ಅಲ್ಲಾಡಿಸಿ. ಝೆರಾಕ್ಸಿನವನು ಮೆಷಿನ್ ನಿಲ್ಲಿಸಿ ನಗುತ್ತಿದ್ದ.

ಒಂದು ದಿನ ಅವಳು ಬೈಯಲಿಲ್ಲ. ಸೆರಗಿನ ತುದಿ ತಿರುವುತ್ತಾ ಕೂತಳು.

"ಸಾರ್, ಕೋಪ ಮಾಡ್ಕೋಬೇಡಿ. ಹೋಟೆಲಿನವರು ದೊಡ್ಡ ವಕೀಲರನ್ನ ಕರೆಸಿದಾರೆ. ನಾವು ನಿಮ್ಮ ತಂಗಿ ಹತ್ರ ಹೋಗಿದ್ವಿ. ಬಿಟ್ಟಿ ಮಾಡ್ಕೊಡ್ತಾರಂತೆ. ನೀವು ಆಕ್ಷೇಪಣೆ ಇಲ್ಲ ಅಂತ ಒಂದು ಸಹಿ ಹಾಕ್ಬೇಕಂತೆ."

ಕಕ್ಷಿದಾರರು ವಕೀಲರನ್ನು ಬದಲಾಯಿಸುವಾಗ ಹಳೆಯ ವಕೀಲರು ಹಾಕಿಕೊಡುವ ಸಹಿ ಅದು. ಅದಿಲ್ಲದಿದ್ದರೆ ಹೊಸಬರು ಎದ್ದು ನಿಲ್ಲುವುದೇ ಕಷ್ಟ, ಕೇಸು ಎಳೆಯುತ್ತಲೇ ಇರುತ್ತದೆ. ನಮ್ಮವರು "ನಾಳೆ" ಅಂದರು. ಮಾರನೇ ದಿನವೂ "ನಾಳೆ" ಅಂದರು.

ಭಾನುವಾರ ಬೆಳಿಗ್ಗೆ ನಾದಿನಿ ನಮ್ಮ ಮನೆಗೇ ಬಂದಳು. ಇಸ್ತ್ರಿ ಅಕ್ಕನನ್ನು ತನ್ನ ಕಾರಿನ ಮುಂದಿನ ಸೀಟಿನಲ್ಲೇ ಕೂರಿಸಿಕೊಂಡು ಬಂದಿದ್ದಳು. ನಮ್ಮವರು ಕಿಟಕಿಯಿಂದ ಅದನ್ನು ನೋಡಿದರು. ಅವರ ಮುಖ ನಾನು ನೋಡಿದೆ.

"ಅಣ್ಣ, ನೀನು ಬಿಟ್ಟುಕೊಡು ಅಂತ ನಾನು ಕೇಳ್ತಿಲ್ಲ. ಇಬ್ಬರ ಹೆಸರೂ ಇರ್ಲಿ."

"ಹೌದೌದು. ನಿನ್ನ ಕೋಟಿನ ಬಾಲ ಹಿಡ್ಕೊಂಡು ಬರ್ತೀನಿ. ಫೈಲು ಹೊರಕ್ಕೆ ಒಬ್ರು ಬೇಕಲ್ಲ."

"ಹಾಗಂದ್ನಾ ನಾನು?"

"ನೀನು ಅನ್ನಲ್ಲಮ್ಮ. ನೀನು ಯಾವತ್ತೂ ಬಾಯಲ್ಲಿ ಅನ್ನಲ್ಲ. ಪೆನ್ಸಿಲಲ್ಲಿ ಬರೀತೀಯ."

ಇಸ್ತ್ರಿ ಅಕ್ಕ ಮೇಜು ಕುಟ್ಟಿದಳು.

"ನಿಮ್ಮಿಬ್ಬರ ಜಗಳ ಮುಗಿಯೋ ತನಕ ನಮ್ಮ ಮಕ್ಕಳು ಗಾಳಿ ಕುಡ್ಕೊಂಡಿರ್ಬೇಕಾ ವಕೀಲ್ರೇ? ಸಹಿ ಹಾಕ್ತೀರೋ ಇಲ್ವೋ?"

ಹಾಕಿದರು. ಕಾಗದ ತೂತಾಗುವಷ್ಟು ಒತ್ತಿ ಹಾಕಿದರು. ಜೊತೆಗೆ ಹೆಸರು ಇರಿಸಿಕೊಳ್ಳಲು ಮಾತ್ರ ಒಪ್ಪಲಿಲ್ಲ.

ವಿಚಾರಣೆಯ ದಿನ ನಮ್ಮವರು ಬೇರೆ ಏನೋ ಕೆಲಸವಿದೆ ಅಂತ ಹೇಳಿ ಹೋಗಿ, ಲೇಬರ್ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತರು. ಯಾಕೆ ಅಂತ ಬಿಡಿಸಿ ಹೇಳಬೇಕೇ? ತಂಗಿ ಎಡವಲಿ ಅಂತ.

ಎಡವಿದಳು. ಹೋಟೆಲಿನ ವಕೀಲರು ಒಂದು ಹಳೇ ತೀರ್ಪನ್ನು ಎತ್ತಿ ಹಿಡಿದರು. ಒಂದು ಸಾಬೂನು ಕಾರ್ಖಾನೆಯ ಕೂಲಿಯವರು ನಾವು ಕಾರ್ಖಾನೆಯವರೇ ಅಂತ ಹಾಕಿದ್ದ ಕೇಸು. ಅಲ್ಲ, ಗುತ್ತಿಗೆದಾರನವರು ಅಂತ ಕಾರ್ಖಾನೆ ಗೆದ್ದಿತ್ತು. "ಆಗ ಕಾರ್ಖಾನೆಯ ಪರ ವಾದಿಸಿದ ವಕೀಲರ ಹೆಸರನ್ನು ನ್ಯಾಯಾಲಯ ದಯವಿಟ್ಟು ಗಮನಿಸಬೇಕು" ಅಂದರು. ನ್ಯಾಯಾಧೀಶರು ಓದಿದರು. ಕನ್ನಡಕದ ಮೇಲಿಂದ ನನ್ನ ನಾದಿನಿಯನ್ನು ನೋಡಿದರು. ಅವಳದೇ ಹೆಸರು.

ಇದು ಬರುತ್ತದೆ ಅಂತ ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದಿರಲು ಅವಳೇನು ಎಳೇ ಮಗುವೇ? ಆ ಕೇಸು ಬೇರೆ, ಈ ಕೇಸು ಬೇರೆ ಅಂತ ವಾದ ಬರೆದುಕೊಂಡೂ ಬಂದಿದ್ದಳು. ಆದರೆ ಬೇರೆ ಅಂತ ತೋರಿಸಲು ಕೈಯಲ್ಲಿ ಗಟ್ಟಿಯಾದದ್ದು ಏನೂ ಇರಲಿಲ್ಲ. ಅದಕ್ಕಿಂತ ದೊಡ್ಡದು, ಆ ಹೆಂಗಸರಿಗೆ ಈ ವಿಷಯ ಹೇಳಿಯೇ ಇರಲಿಲ್ಲ. ಕಂಪನಿಯವರಾಗಿದ್ದರೆ ಮೊದಲ ದಿನವೇ ಕೂರಿಸಿಕೊಂಡು ಹೇಳುತ್ತಿದ್ದಳು. ಹಣ ಕೊಡುವವರು ಕೇಳುತ್ತಾರೆ. ಬಿಟ್ಟಿ ಬಂದವರು 'ನಿಮ್ಮ ಉಪಕಾರ ಮರೆಯಲ್ಲ ಮೇಡಂ' ಅನ್ನುತ್ತಾರೆ, ಅಷ್ಟೇ. ಇಷ್ಟು ವರ್ಷ ಹುಡುಕಿದ್ದ ತಪ್ಪು ಕೊನೆಗೂ ಸಿಕ್ಕಿತು ನನಗೆ.

ಮುಂದಿನ ತಾರೀಖು ಬಿತ್ತು. ಹೊರಗೆ ಕಾರಿಡಾರಿನಲ್ಲಿ ಇಸ್ತ್ರಿ ಅಕ್ಕ ಅವಳನ್ನು ಅಡ್ಡಗಟ್ಟಿದಳು.

"ಆ ಸಾಬೂನಿನವರನ್ನ ಬೀದಿಗೆ ಹಾಕ್ಸಿದ್ದು ನೀವೇನಾ?"

"ಹೌದು."

"ಮೊದ್ಲೇ ಹೇಳೋಕೆ ಏನಾಗಿತ್ತು ರೋಗ? ಆವತ್ತು ನೀವು ಕಟ್ಟಿದ ಗೋಡೆ ಇವತ್ತು ನಮ್ಮ ಹಣೆಗೆ ಬಡೀತಲ್ಲ! ಬಿಟ್ಟಿ ಅಂದ್ರೆ ಬಾಯಿ ಮುಚ್ಕೊಂಡಿರ್ತಾರೆ ಅಂದ್ಕೊಂಡ್ರಾ?"

ಲಾಯರುಗಳು, ಜವಾನರು, ಕ್ಯಾಂಟೀನಿನವನು ಎಲ್ಲರೂ ನಿಂತು ನೋಡುತ್ತಿದ್ದರು. ಎದುರಾಳಿ ವಕೀಲರಿಗೆ ನೀರು ಕುಡಿಸುವವಳು ತಲೆ ತಗ್ಗಿಸಿ ನಿಂತು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ತಪ್ಪಾಯ್ತು. ಇನ್ನೂ ಏನಾದ್ರೂ ಇದ್ರೆ ಬೈರಿ" ಅಂದಳಂತೆ.

ಅಂದು ನಮ್ಮವರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದ ಮಾತು ಇದು: "ಅವಳು ತಂಗಿಗೆ ಬೈದ್ಲು ಕಣೇ."

ಸಂತೋಷ ಪಡುತ್ತಾರೆ ಅಂದುಕೊಂಡೆ. ಮನೆಗೆ ಕಳ್ಳ ನುಗ್ಗಿದವರ ಹಾಗಿತ್ತು ಮುಖ. "ನನಗೆ ಬೈಯೋ ಹಾಗೇನೇ ಬೈದ್ಲು. ಬಾಯ್ಲರ್ ಅಂತ ಒಂದು ಅನ್ಲಿಲ್ಲ, ಅಷ್ಟೇ."

"ಮ್ಯಾನೇಜರ್ ಥರ ಆಡಿ ತೋರಿಸ್ತಾಳಲ್ಲ, ಅದನ್ನ ತಂಗಿಗೆ ಹೇಳಿದ್ದೀರಾ?" ಅಂದೆ.

"ಅದು ಯಾಕೆ?"

"ಗುತ್ತಿಗೆದಾರನ ಆಳುಗಳಾದ್ರೆ ಹೋಟೆಲ್ ಮ್ಯಾನೇಜರ್ ಯಾಕ್ರೀ ಬೈತಾನೆ?"

ಅವರು ಬಗ್ಗಿ ಚಪ್ಪಲಿ ಬಿಚ್ಚತೊಡಗಿದರು. ಇದು ಅವರಿಗೆ ಮೊದಲೇ ಹೊಳೆದಿತ್ತು ಅಂತ ಮುಖ ತಪ್ಪಿಸಿದ್ದರಲ್ಲೇ ಗೊತ್ತಾಯಿತು. ಬಚ್ಚಿಟ್ಟುಕೊಂಡಿದ್ದರು.

"ಹೇಳ್ಬೇಡಿ ಬಿಡಿ. ಅವರೆಲ್ಲ ಬೀದಿಯಲ್ಲೇ ಇರ್ಲಿ. ನಿಮ್ಮ ಹೊಟ್ಟೆ ತಣ್ಣಗಿದ್ರೆ ಸಾಕು."

ಬೆಳಿಗ್ಗೆ ಹಲ್ಲು ಉಜ್ಜುವ ಮೊದಲು ಫೋನ್ ಮಾಡಿದರು. ಆ ಕಡೆಯಿಂದ ತಂಗಿಯ ಧ್ವನಿ ನನಗೂ ಕೇಳಿಸಿತು. "ನಿನ್ನ ಮುಂದೆ ಆಡಿ ತೋರಿಸ್ತಾಳಾ ಅಣ್ಣ? ನನ್ನ ಕೋಣೇಲಿ ಅವಳು ಕುರ್ಚಿಯ ತುದೀಲಿ ಕೂತ್ಕೋತಾಳೆ. ಜೋರಾಗಿ ಕೆಮ್ಮೋದೂ ಇಲ್ಲ."

ಮುಂದಿನ ತಾರೀಖಿಗೆ ಇಸ್ತ್ರಿ ಅಕ್ಕ ಕಟಕಟೆ ಹತ್ತಿದಳು. ಈ ಸಲ ನಾನೂ ಹೋಗಿದ್ದೆ.

"ನಿಮಗೆ ಕೆಲಸ ಹೇಳ್ತಿದ್ದವರು ಯಾರು?" ನಾದಿನಿ ಕೇಳಿದಳು.

"ಮ್ಯಾನೇಜರ್ ಸಾಹೇಬ್ರು."

"ಹೇಗೆ ಹೇಳ್ತಿದ್ದರು?"

ಅವಳು ಹಿಂದಿನ ಬೆಂಚಿನಲ್ಲಿದ್ದ ನಮ್ಮವರ ಕಡೆ ನೋಡಿದಳು. ಅವರು ಹೂಂ ಅನ್ನುವಂತೆ ತಲೆ ಆಡಿಸಿದರು. ಹೊಟ್ಟೆ ಮುಂದೆ ಬಂತು, ಬೆರಳು ಮೇಲೆದ್ದಿತು. "ಏಯ್! ಇದು ಹಾಸಿಗೆ ಬಟ್ಟೆನಾ, ನಿಮ್ಮಪ್ಪನ ಮನೆ ನೆಲ ಒರೆಸೋ ಬಟ್ಟೆನಾ? ತಿಕ್ಕು ಮತ್ತೆ!"

ಬೆಂಚ್ ಕ್ಲರ್ಕ್ ಕೂಡ ನಕ್ಕ. ಸಾಕ್ಷಿ ಹೇಳಲು ಬಂದು ಪಕ್ಕದಲ್ಲಿ ಕೂತಿದ್ದ ಮ್ಯಾನೇಜರ್ ಮಾತ್ರ ಕೆಂಪಗಾದ. ತಾನೆಲ್ಲಿದ್ದೇನೆ ಅನ್ನುವುದೇ ಮರೆತು ಎದ್ದು ನಿಂತ.

"ಏಯ್, ಬಾಯಿ ಮುಚ್ಚು! ನೆಟ್ಟಗೆ ನಿಂತ್ಕೊಳ್ಳೋಕೆ ಬರಲ್ವಾ?"

ಇಸ್ತ್ರಿ ಅಕ್ಕನ ಬಾಯಿ ಟಪ್ಪನೆ ಮುಚ್ಚಿತು. ಕೈಗಳು ಮೈಗೆ ಅಂಟಿದವು. ನನ್ನ ಎದುರಿನ ಬೆಂಚಿನಲ್ಲಿದ್ದ ಉಳಿದ ಹೆಂಗಸರು, ಯಾರೂ ಹೇಳದೆ, ಒಬ್ಬರಾದ ಮೇಲೊಬ್ಬರು ಎದ್ದು ತಲೆ ಬಗ್ಗಿಸಿ ಸಾಲಾಗಿ ನಿಂತುಬಿಟ್ಟರು. ಯಾರೂ ನಗಲಿಲ್ಲ ಆಮೇಲೆ. ಹೋಟೆಲಿನ ವಕೀಲರು ಕಣ್ಣು ಮುಚ್ಚಿಕೊಂಡರು.

ನ್ಯಾಯಾಧೀಶರು ಪೆನ್ನು ಕೆಳಗಿಟ್ಟು, ಮ್ಯಾನೇಜರ್ ಪಕ್ಕದಲ್ಲೇ ಕೂತಿದ್ದ ಗುತ್ತಿಗೆದಾರನನ್ನು ಕೇಳಿದರು: "ನೀವು ಯಾವತ್ತಾದರೂ ಇವರಿಗೆ ಬೈದಿದ್ದೀರಾ?"

ಅವನು ತಾನೊಬ್ಬನೇ ಒಳ್ಳೆಯವನು ಅನ್ನುವ ಹೆಮ್ಮೆಯಲ್ಲಿ ಹೇಳಿದ: "ಛೆ ಛೆ, ಇಲ್ಲ ಸ್ವಾಮಿ. ನಂಗೆ ಇವರ ಮುಖಾನೇ ಪರಿಚಯ ಇಲ್ಲ."

ನಾದಿನಿ ಧ್ವನಿ ಏರಿಸಲಿಲ್ಲ, ಅದು ಅವಳ ಜಾಯಮಾನವಲ್ಲ. "ನನ್ನ ಹಳೇ ಕೇಸಿನಲ್ಲಿ ಬೈಯುತ್ತಿದ್ದವನು ಗುತ್ತಿಗೆದಾರ. ಇಲ್ಲಿ ಬೈಯುತ್ತಿದ್ದವರು ಹೋಟೆಲಿನವರು. ಇವತ್ತೂ ಬೈದರು" ಅಂದು ಕೂತಳು.

ಹೆಂಗಸರಿಗೆ ಕೆಲಸ ವಾಪಸು ಸಿಕ್ಕಿತು. ಫ್ಯಾನೂ ಬಂತು. ಪೇಪರಿನಲ್ಲಿ ಬೆಳಕೂ ಬಂತು. ಅಣ್ಣನ ಹೆಸರನ್ನು ಅವಳು ವರದಿಗಾರನಿಗೆ ಒಂದಲ್ಲ ಹತ್ತು ಸಲ ಹೇಳಿದ್ದಳಂತೆ. ನಾನೇ ಅವನಿಗೆ ಫೋನ್ ಮಾಡಿ ವಿಚಾರಿಸಿದೆ. "ಜಾಗ ಸಾಲಲಿಲ್ಲ ಮೇಡಂ" ಅಂದ. ನಿನ್ನ ತಲೆಬರಹಕ್ಕೆ ಸಾಲಿತಲ್ಲಪ್ಪ!

ನಿನ್ನೆ ಇಸ್ತ್ರಿ ಅಕ್ಕ ಮೆಟ್ಟಿಲ ಕೆಳಗೆ ಬಂದಿದ್ದಳು. ಅದಾದ ಮೇಲೆ ನಮ್ಮವರು ಸೀಟಿ ಊದುತ್ತಾ ಮನೆಗೆ ಬಂದರು. ಬಂದವರೇ ತಂಗಿಗೆ ಫೋನ್ ಹಚ್ಚಿದರು, ಸ್ಪೀಕರ್ ಹಾಕಿ.

"ಇಸ್ತ್ರಿ ಅಕ್ಕ ಏನಂತಾಳೆ?"

"ಹೂವು ಕಳಿಸಿದ್ದಾಳೆ ಅಣ್ಣ. 'ಎಲ್ಲ ಚೆನ್ನಾಗಿದೆ ಮೇಡಂ' ಅಂತ ಹೇಳಿಕಳಿಸಿದ್ದಾಳೆ."

"ಫ್ಯಾನ್ ವಿಷಯ ಏನೂ ಹೇಳ್ಲಿಲ್ವಾ?"

"ಯಾವ ಫ್ಯಾನ್ ವಿಷಯ?"

"ಅದನ್ನ ಬಟ್ಟೆ ಕಡೆಗೆ ತಿರುಗಿಸಿ ಹಾಕಿದ್ದಾರಂತೆ. ಗಾಳಿ ಹಾಸಿಗೆ ಬಟ್ಟೆಗೆ, ಇವರಿಗೆ ಅದೇ ಉಗಿ. 'ಗೆಲ್ಲಿಸಿದ್ರಂತೆ ಗೆಲ್ಲಿಸಿದ್ದು' ಅಂತ ಬಂದು ನನ್ನ ಗ್ರಹಚಾರ ಬಿಡಿಸಿದ್ಲು."

ಆ ಕಡೆ ಲಿಫ್ಟಿನ ಬಾಗಿಲು ತೆರೆದು ಮುಚ್ಚಿದ್ದು ಕೇಳಿಸಿತು.

"ಜೋರಾಗಿ ಬೈದ್ಲಾ?"

"ಬಾಯ್ಲರ್‌ಗಿಂತ ಕಡೆ ಅಂದ್ಲು." ಹೇಳುವಾಗ ನಮ್ಮವರ ಎದೆ ಇಷ್ಟು ಅಗಲ.

ಅವಳು ಉಸಿರು ಬಿಟ್ಟಳು. ಆ ಉಸಿರು ನನಗೆ ಚೆನ್ನಾಗಿ ಗೊತ್ತು, ನಮ್ಮನೆಯಲ್ಲಿ ಪೇಪರ್ ಮಡಚುವಾಗ ಬರುವಂಥದ್ದು.

"ನನಗೆ ಅವತ್ತೊಂದೇ ದಿನ ಬೈದದ್ದು. ಮತ್ತೆ ಮೇಡಂ, ಮೇಡಂ ಅಂತಾಳೆ. ನಾಳೆ ಅವಳು ನಿನ್ನ ಹತ್ರ ಬರ್ತಾಳಾ ಅಣ್ಣ?"

"ಬರ್ತಾಳೆ. ಫ್ಯಾನಿಗೆ ಅರ್ಜಿ ಹಾಕ್ಬೇಕಲ್ಲ."

"ನಾನೂ ಬರ್ಲಾ? ಸುಮ್ನೆ ಪಕ್ಕದಲ್ಲಿ ಇರ್ತೀನಿ."

ನಮ್ಮವರು ನನ್ನ ಮುಖ ನೋಡಿದರು. ನಾನು ಅಡುಗೆಮನೆ ಕಡೆ ತಿರುಗಿಕೊಂಡೆ.

"ಬಾ" ಅಂದರು. "ಆದ್ರೆ ಇರೋದು ಒಂದೇ ಕುರ್ಚಿ. ಅವಳು ಕೂರ್ತಾಳೆ. ನೀನು ನಿಂತ್ಕೋಬೇಕು."