ಕಲಗಚ್ಚಿನ ಬಕೆಟ್ಟು

ಅವ್ವನ ಬಕೆಟ್ಟನ್ನು ನಾನೇ ಒಂದು ಸಲ ಮೋರಿಗೆ ಸುರಿದಿದ್ದೇನೆ. ಬೇರೆಯವರ ತಪ್ಪು ಹೇಳುವ ಮೊದಲು ನನ್ನದನ್ನು ಹೇಳಿಬಿಡುತ್ತೇನೆ.

ಕೊಳ್ಳೇಗಾಲದಲ್ಲಿ ನಾನಿರುವುದು ಆರು ಮನೆಗಳ ಬಿಲ್ಡಿಂಗು. ಎಲ್ಲರಿಗೂ ಒಂದೇ ಸಂಪು, ಒಂದೇ ಟ್ಯಾಂಕು. ನನ್ನದು ಕೆಳಗಿನ ಮನೆ. ಇದು ಸಿಗುವ ಮೊದಲು ಎಷ್ಟು ಗೇಟು ತಟ್ಟಿದೆನೋ. ಬಾಡಿಗೆಗಿದೆ ಎಂಬ ಬೋರ್ಡು ನೋಡಿ ಹೋದರೆ ಮೊದಲು ಯಾವೂರು ಎನ್ನುತ್ತಿದ್ದರು, ಆಮೇಲೆ ಯಾವ ಜನ ಎನ್ನುತ್ತಿದ್ದರು, ಅದೂ ಆದ ಮೇಲೆ ಮನೆ ಬೇರೆಯವರಿಗೆ ಹೇಳಿಬಿಟ್ಟಿದ್ದೀವಿ ಎನ್ನುತ್ತಿದ್ದರು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಅಷ್ಟನ್ನು ಮಾತ್ರ ಕೇಳಿಕೊಂಡು ಬೀಗದ ಕೈ ಕೊಟ್ಟವರು ಈ ಓನರೊಬ್ಬರೇ. ಅದಕ್ಕೇ ಇಲ್ಲಿ ಜೋರಾಗಿ ಕೆಮ್ಮುವುದಕ್ಕೂ ಹೆದರುತ್ತಿದ್ದೆ.

ಯಳಂದೂರಿನ ಪಕ್ಕದ ನಮ್ಮ ಹಳ್ಳಿಯಿಂದ ಅವ್ವ ನನ್ನ ಜೊತೆ ಇರಲು ಬಂದಳು. ಬಂದ ಮರುದಿನವೇ ಮೆಟ್ಟಿಲ ಕೆಳಗೆ ಎರಡು ಬಕೆಟ್ಟು ಇಟ್ಟಳು. ಒಂದು ಕಲಗಚ್ಚಿಗೆ: ಅಕ್ಕಿ ತೊಳೆದ ನೀರು, ಮುದ್ದೆ ಪಾತ್ರೆ ತೊಳೆದ ಮೊದಲ ನೀರು, ತರಕಾರಿ ಸಿಪ್ಪೆ. ಅದು ಹಿಂದಿನ ಬೀದಿಯ ಹಾಲಿನಾಕೆಯ ಹಸುವಿಗೆ. ಇನ್ನೊಂದು ಬಟ್ಟೆಯನ್ನು ಕೊನೆಯ ಸಲ ಜಾಲಿಸಿದ ನೀರಿಗೆ. ಅದು ಕಾಂಪೌಂಡಿನ ತೆಂಗಿನ ಮರಕ್ಕೆ. ಊರಲ್ಲಿ ನಮ್ಮ ಬೀದಿಯವರ ಕೊಡದ ಸರದಿ ಬರುವಷ್ಟರಲ್ಲಿ ನಲ್ಲಿಯ ನೀರು ನೂಲಿನ ಎಳೆಯಾಗಿ ಸೊರಗಿರುತ್ತಿತ್ತು. ಒಂದೇ ನೀರಿನಿಂದ ಎರಡು ಕೆಲಸ ತೆಗೆಯುವುದನ್ನು ಅವ್ವ ಅಲ್ಲೇ ಕಲಿತದ್ದು.

ಒಂದು ಭಾನುವಾರ ಮೇಲಿನ ಮನೆಯಾಕೆ ಮೆಟ್ಟಿಲಿಳಿಯುತ್ತಾ ಬಕೆಟ್ಟು ನೋಡಿ ನಕ್ಕರು. "ಏನ್ ಮೇಡಂ, ಇಲ್ಲೇ ಹಸು ಕಟ್ಟೋ ಪ್ಲಾನಾ?"

ನಾನೂ ನಕ್ಕೆ. ಅವರು ಗೇಟು ದಾಟಿದ ಕೂಡಲೇ ಕಲಗಚ್ಚನ್ನು ಮೋರಿಗೆ ಸುರಿದೆ. ತಿರುಗಿದರೆ ಬಾಗಿಲಲ್ಲಿ ಅವ್ವ.

"ಅಷ್ಟೊಂದ್ ಓದಿ ನೀರ್ ಚೆಲ್ಲಾದ ಕಲ್ತ್ಕಬಂದ್ಯಾ?" ಎಂದಳು. "ಆ ಹಸ ಕಾಯ್ಕಂಡ್ ನಿಂತಿರ್ತದೆ. ಓಗು, ಇವತ್ತು ಇಲ್ಲ ಅಂತ ನೀನೇ ಯೋಳ್ಬುಟ್ಟು ಬಾ."

ಹೋಗಲಿಲ್ಲ. ಮಾರನೆಯ ದಿನದಿಂದ ಬಕೆಟ್ಟು ಒಯ್ಯುವ ಕೆಲಸ ನಾನೇ ವಹಿಸಿಕೊಂಡೆ. ಆದರೆ ಬಿಲ್ಡಿಂಗಿನವರು ಏಳುವ ಮೊದಲು, ಪಕ್ಕದ ಸಂದಿಯಲ್ಲಿ, ಕಳ್ಳಿಯ ಹಾಗೆ.

ಬೇಸಿಗೆಯಲ್ಲಿ ಸಂಪಿನ ತಳ ಕಂಡಿತು. ಓನರು ನೇರವಾಗಿ ನಮ್ಮ ಬಾಗಿಲಿಗೆ ಬಂದರು. ಅಂಗಳದಲ್ಲಿ ಮೇಲಿನ ಮನೆಯಾಕೆ ಪೈಪು ಹಿಡಿದು ಸಿಮೆಂಟು ನೆಲ ತೊಳೆಯುತ್ತಿದ್ದರು.

"ಸಂಪಿನ ನೀರ್ನ ಬೀದಿ ಹಸುಗೆಲ್ಲಾ ಹೊರ್ತೀರಂತೆ. ಬಕೆಟ್ಟಿಂದ ಸೊಳ್ಳೆ ಬೇರೆ. ಡೀಸೆಂಟ್ ಜನ ಇರೋ ಜಾಗ ಮೇಡಂ ಇದು. ತೆಗೀರಿ, ಇಲ್ಲಾಂದ್ರೆ ತಿಂಗಳ ಕೊನೆಗೆ ಖಾಲಿ ಮಾಡಿ."

ಅವ್ವ ಬಕೆಟ್ಟಿನ ಮುಚ್ಚಳ ತೆಗೆದು ತೋರಿಸಿದಳು. "ದಿನಾ ಬರಿದು ಮಾಡ್ತೀವಿ ಕಣಪ್ಪ. ಎಲ್ಲದೆ ಸೊಳ್ಳೆ? ದಿನಾ ಟ್ಯಾಂಕ್ ತುಂಬಿ ಸುರಿತದಲ್ಲ, ಅದು ಆ ಮೂಲೇಲಿ ನಿಂತು ನಾರ್ತಾ ಅದೆ. ಅಲ್ಲೋಗಿ ನೋಡು."

"ನೀವು ಸುಮ್ನಿರಮ್ಮ. ನಾನು ಓದಿರೋರ ಹತ್ರ ಮಾತಾಡ್ತಿದೀನಿ."

ಅಷ್ಟೂ ದಿನ ಬಿಗಿಹಿಡಿದದ್ದು ಆ ಮಾತಿಗೆ ಸಡಿಲವಾಯಿತು.

"ಓದಿರೋಳೇ ಹೇಳ್ತೀನಿ ಕೇಳಿ ಸಾ. ನಾನು ಓದಿದ್ದು ಇವಳು ಹೊತ್ತು ತಂದ ನೀರು ಕುಡ್ದು. ಅಕ್ಕಿ ತೊಳೆದ ನೀರು ಹಸುಗೆ ಹೋಗದೆ ಇದ್ರೆ ಮೋರಿಗೆ ಹೋಗ್ತದೆ, ನಿಮ್ಮ ಸಂಪಿಗೆ ವಾಪಸ್ ಬರಲ್ಲ. ಬಕೆಟ್ ತೆಗ್ಯಲ್ಲ. ಮನೆ ಬಿಡಿಸ್ಬೇಕು ಅಂದ್ರೆ ಕಾರಣ ಬರ್ದು ಕೊಡಿ. ನೀರು ಉಳಿಸಿದ್ದಕ್ಕೆ ಅಂತಲೇ ಬರೀರಿ. ಕಾಗದ ಓದೋದೇ ನನ್ನ ಕೆಲಸ."

ಓನರು ಅಂಗಳದ ಕಡೆ ನೋಡಿದರು. ಮೇಲಿನ ಮನೆಯಾಕೆ ಕೇಳುತ್ತಾ ನಿಂತುಬಿಟ್ಟಿದ್ದರು. ಕೈಯಲ್ಲಿನ ಪೈಪಿನಿಂದ ನೀರು ಸುಮ್ಮನೆ ಸುರಿಯುತ್ತಿತ್ತು. ಓನರು ಗೇಟು ತೆಗೆದುಕೊಂಡು ಹೊರಟುಹೋದರು.

ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಮತ್ತೆ ಗೇಟು ತಟ್ಟಬೇಕು, ಮತ್ತೆ ಯಾವ ಜನ. ಇಲ್ಲಿ ಸಿಗದಿದ್ದರೆ ಹನೂರಿನಲ್ಲಿ ಮನೆ ಮಾಡಿ ದಿನಾ ಬಸ್ಸಿಗೆ ಬರುವುದು ಎಂದು ಲೆಕ್ಕ ಹಾಕಿದೆ.

"ಮನೆ ಕೈಬುಟ್ಟೋದ್ರೆ ಏನ್ಲಾ ಮಾಡೀಯೆ?" ಅವ್ವ ಮೆಲ್ಲಗೆ ಕೇಳಿದಳು. ಪ್ರೀತಿ ಉಕ್ಕಿದಾಗ ನನ್ನನ್ನು ಗಂಡುಮಗನ ಹಾಗೆ ಕರೆಯುವುದು ಅವಳ ರೂಢಿ.

"ಓಗ್ಲಿ ಬುಡವ್ವ," ಎಂದೆ.

ಆ ತಿಂಗಳು ಕಳೆಯಿತು, ಆಮೇಲಿನದೂ ಕಳೆಯಿತು. ಕಾಗದ ಬಂದಿಲ್ಲ. ಬಂದರೆ ಓದುತ್ತೇನೆ. ಟ್ಯಾಂಕು ಈಗಲೂ ಒಮ್ಮೊಮ್ಮೆ ಉಕ್ಕುತ್ತದೆ. ಆಗ ಅವ್ವ ಅಂಗಳದ ನಡುವೆ ನಿಂತು "ಮೋಟ್ರು ಆರ್ಸ್ರಪ್ಪೋ" ಎಂದು ಕೂಗುತ್ತಾಳೆ. ಯಾರೋ ಆರಿಸುತ್ತಾರೆ.

ಕಲಗಚ್ಚನ್ನು ಈಗ ಸಂದಿಯಲ್ಲಿ ಒಯ್ಯುವುದಿಲ್ಲ. ಆಫೀಸಿಗೆ ಸೀರೆ ಉಟ್ಟು, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು, ಎಲ್ಲರೂ ಎದ್ದು ಓಡಾಡುವ ಹೊತ್ತಿಗೆ ಮುಂದಿನ ಗೇಟಿನಿಂದಲೇ ಹೊರಡುತ್ತೇನೆ. ಮೇಲಿನ ಮನೆಯಾಕೆ ಪೈಪನ್ನು ಪಕ್ಕಕ್ಕೆಳೆದು ದಾರಿ ಬಿಡುತ್ತಾರೆ. ಕೆಲವು ದಿನ ಕಲಗಚ್ಚು ತುಳುಕಿ ಸೀರೆಯ ಅಂಚಿಗೆ ಬೀಳುತ್ತದೆ. ಸೀರೆ ಬದಲಿಸುವುದಿಲ್ಲ, ಹಾಗೇ ಹೋಗಿ ಆಫೀಸಿನ ಕುರ್ಚಿಯಲ್ಲಿ ಕೂರುತ್ತೇನೆ.